ಕಠಿಣ ಬಳಕೆಯ ಕಾರು

ಕಾರಿನ ಗೇರ್ ಆಯಿಲ್ ಯಾವಾಗ ಬದಲಾಯಿಸಬೇಕು ಎಂಬ ವಿಷಯಕ್ಕೆ ದೋಸಿಕ್‌ನ ಸಂಸಾರದಲ್ಲಿ ಬೇಸಿಗೆಯಿಂದಲೂ ಮಹಾಯುದ್ಧ ನಡೆದಿತ್ತು. ಬದಲಾಯಿಸಲೇಬೇಕು ಎಂದು ಅವನು. ಬೇಡವೇ ಬೇಡ ಎಂದು ಹೆಂಡತಿ ಮಿರಾನ್. (ಆ ದುಡ್ಡನ್ನು ಅವಳು ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಇಡುವ ಹೊಸ ಫ್ರಿಜ್ಜಿಗೆಂದು ಮನಸ್ಸಿನಲ್ಲೇ ಎತ್ತಿಟ್ಟಾಗಿತ್ತು.) ಸ್ವಂತ ಕಾರಿಗೆ ಎಣ್ಣೆ ಹಾಕಿಸುವ ಸ್ವಾತಂತ್ರ್ಯವೂ ಇಲ್ಲದವನು ಎಂಥ ಯಜಮಾನ ಎಂದು ದೋಸಿಕ್‌ಗೆ ಒಳಗೊಳಗೇ ಉರಿಯುತ್ತಿತ್ತು.

ಆ ಭಾನುವಾರ ಗಂಡಹೆಂಡತಿ ಇಬ್ಬರೂ ದೋಸಿಕ್‌ನ ಅತ್ತೆ ಒಕ್‌ಬುನ್ ಅವರನ್ನು ಬುಸಾನ್ ನಗರದ ಗುಡ್ಡದ ಮೇಲಿನ ಅವರ ಮನೆಗೆ ಬಿಡಲು ಹೊರಟಿದ್ದರು. ಮಗಳ ಮನೆಯಲ್ಲಿ ಚಳಿಗಾಲದ ಕಿಮ್ಚಿಯನ್ನೆಲ್ಲ ಹಾಕಿಕೊಟ್ಟು ದಣಿದಿದ್ದ ಅತ್ತೆ, ತಮ್ಮ ಪಾಲಿನ ಡಬ್ಬಗಳ ನಡುವೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಏರು ಶುರುವಾಗುತ್ತಲೇ ಕಾರು ಧಡಕ್ಕೆಂದು ಎಗರಿತು.

“ನೋಡಿದ್ಯಾ? ಗೇರ್ ಬೀಳೋವಾಗ ಒದೀತಿದೆ. ಆಯಿಲ್ ಕೆಟ್ಟಿದೆ ಅಂತ ಎಷ್ಟು ಬಡ್ಕೊಂಡೆ!”

“ಒದ್ದಿದ್ದು ಗೇರಲ್ಲ, ನಿಮ್ಮ ಕಾಲು.” ಮಿರಾನ್ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಹೊರಗೆಳೆದಳು. “ಇಲ್ನೋಡಿ, ಸಾಮಾನ್ಯ ಬಳಕೆಗೆ ಗೇರ್ ಆಯಿಲ್ ಬದಲಾಯಿಸೋ ಅಗತ್ಯ ಇಲ್ಲ. ಕಾರು ಮಾಡಿದೋರಿಗಿಂತ ನೀವು ದೊಡ್ಡೋರಾ?”

“ಹಾಳೆ ತಿರುಗಿಸು ತಾಯಿ! ಕಠಿಣ ಬಳಕೆ ಆದ್ರೆ ಬದಲಾಯಿಸ್ಬೇಕು ಅಂತಾನೂ ಇದೆ. ಕಡಿದಾದ ಏರು, ತೆವಳೋ ಟ್ರಾಫಿಕ್ಕು, ಹೊರಲಾರದ ಭಾರ.”

“ನಮ್ದು ಆಫೀಸು, ಮಾರ್ಕೆಟ್ಟು. ಅಷ್ಟೆಲ್ಲ ಕಷ್ಟ ಎಲ್ಲಿ ಬಂತು?”

ಗೆಲುವು ಕೈಗೆ ಬಂತೆಂದು ದೋಸಿಕ್ ಉಬ್ಬಿಹೋದ. “ಎಲ್ಲಿ? ನಿಮ್ಮಮ್ಮನ ಮನೆ ದಾರೀಲಿ! ಏರು ಅವರ ಬೀದೀದು, ಟ್ರಾಫಿಕ್ಕು ಅವರ ಸೇತುವೇದು. ಇನ್ನು ಭಾರ ಅಂದ್ರೆ, ಡಬ್ಬ ಬೇರೆ, ಅತ್ತೆ ಬೇರೆ. ಕಠಿಣ ಬಳಕೆ ಅಂದ್ರೆ ನಿಮ್ಮಮ್ಮಾನೇ ಕಣೇ!”

ಗೊರಕೆ ಯಾವಾಗಲೋ ನಿಂತಿತ್ತು.

“ಅಳಿಯಂದ್ರೇ,” ಅತ್ತೆಯ ದನಿ ಬೆಣ್ಣೆಯಂತಿತ್ತು. “ನನ್ನಿಂದ ಪಾಪ, ನಿಮ್ಮ ಗಾಡಿಗೆ ಎಷ್ಟು ಹಿಂಸೆ! ಚಳಿಗಾಲಕ್ಕೆ ಬಂದಿರು ಅಂತ ಮಿರಾನ್ ಕರೀತಾನೇ ಇದ್ಲು. ನೀವೇನಂದ್ಕೋತೀರೋ ಅಂತ ಸುಮ್ಮನಿದ್ದೆ. ತಿರುಗಿಸಿ, ನಿಮ್ಮಲ್ಲೇ ಇದ್ದುಬಿಡ್ತೀನಿ.”

ದೋಸಿಕ್ ಥಟ್ಟನೆ ಲೆಕ್ಕ ಹಾಕಿದ. ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಕೋಣೆ. ಅವನು ಬಾಗಿಲು ಹಾಕಿಕೊಂಡು ಬೇಸ್‌ಬಾಲ್ ನೋಡುತ್ತಿದ್ದ, ಅವನ ಏಕೈಕ ಸಾಮ್ರಾಜ್ಯ ಅದು.

“ಅಯ್ಯೋ ಅತ್ತೆ, ತಮಾಷೆಗಂದೆ! ಇದೂ ಒಂದು ಏರಾ? ಬರೀ ಸಾಮಾನ್ಯ ಬಳಕೆ! ಆಯಿಲ್ ಇನ್ನೂ ಹತ್ತು ವರ್ಷ ಬರುತ್ತೆ. ನೋಡ್ತಿರಿ, ಹೂವೆತ್ತಿದ ಹಾಗೆ ಹತ್ತಿಸ್ತೀನಿ!”

ಜೋರಾಗಿ ಕಾಲು ಒತ್ತಿದ. ಕಾರು ಧಡಕ್ಕೆಂದು ಒದ್ದಿತು, ಮತ್ತೆ ಒದ್ದಿತು. ಬೇಸಿಗೆಯಿಂದ ಅವನು ಹೇಳಿಕೊಂಡು ಬಂದದ್ದನ್ನೆಲ್ಲ ಅಕ್ಷರಶಃ ನಿಜ ಮಾಡಿ ತೋರಿಸಿತು. ಒಂದು ಡಬ್ಬದ ಮುಚ್ಚಳ ಹಾರಿ ಕಿಮ್ಚಿ ರಸ ಅವನ ಕತ್ತಿನ ಮೇಲೆ ಇಳಿಯಿತು.

“ನೀವು ಹೇಳಿದ್ದೇ ಸರಿ ಕಣ್ರೀ,” ಎಂದು ಮದುವೆಯಾದಮೇಲೆ ಮೊದಲ ಸಲ ಮಿರಾನ್ ಒಪ್ಪಿಕೊಂಡಳು. “ತಿರುಗಿಸಿ.”

ಗುಡ್ಡ ಹತ್ತುವುದು ನಿಂತಮೇಲೆ ಕಾರು, ಪುಸ್ತಕದ ಪ್ರಕಾರ, ಸಾಮಾನ್ಯ ಬಳಕೆಗೆ ಬಂತು. ಆಯಿಲ್ ದುಡ್ಡಿನಲ್ಲಿ ಫ್ರಿಜ್ಜೂ ಬಂತು. ದೋಸಿಕ್ ಈಗ ಮನೆಯ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕಂಬಳಿ ಹೊದ್ದು ಕೂತು, ಫೋನಿನಲ್ಲಿ ಬೇಸ್‌ಬಾಲ್ ನೋಡುತ್ತಾನೆ.