ಕಣಿಲೆ ನೀರಿನ ಸತ್ವ

ಪೌಷ್ಟಿಕಾಂಶದ ವಿಷಯದಲ್ಲಿ ನಾನು ಕೊಂಚ ಅತಿಯಾಗಿ ಓದಿಕೊಂಡವನು. ತಟ್ಟೆಗೆ ಬಿದ್ದ ಸೊಪ್ಪಿನಲ್ಲಿ ಕಬ್ಬಿಣವೆಷ್ಟು, ನಾರೆಷ್ಟು ಎಂದು ಹೇಳದೆ ತುತ್ತು ಎತ್ತಿದವನಲ್ಲ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದಲ್ಲಿ ನೆಲೆಸಿದವರು. ಕಾಡಿನ ಸೊಪ್ಪುಬೇರುಗಳ ಗುರುತು ನಮಗಿಲ್ಲ. ಅದು ಮನೆಗೆ ಬಂದದ್ದು ಭಾಗಮಂಡಲದ ಕಡೆಯ ನನ್ನ ಹೆಂಡತಿ ದೇವಕಿಯ ಜೊತೆಗೆ. ಗುರುತು ಅವಳದು, ವಿಜ್ಞಾನ ನನ್ನದು ಎಂದು ನಾನೇ ಪಾಲು ಮಾಡಿಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಅವಳು ತವರಿನಿಂದ ಕಣಿಲೆ ತಂದಳು. ಎಳೆ ಬಿದಿರಿನ ಆ ಮೊಳಕೆಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ಮೂರು ದಿನ ದಿನವೂ ನೀರು ಬಸಿದು ಚೆಲ್ಲುವುದು ಅವರ ಪದ್ಧತಿ.

"ಸತ್ವವನ್ನೆಲ್ಲ ಚರಂಡಿಗೆ ಸುರೀತೀಯಲ್ಲ," ಎಂದೆ.

"ಅಮ್ಮ ಹಾಗೇ ಮಾಡ್ತಿದ್ದದ್ದು," ಎಂದಳು.

ಇದೂ ಒಂದು ಕಾರಣವೇ? ಮರುದಿನ ಅವಳು ಹಾಲು ತರಲು ಹೋದಾಗ ಆ ನೀರನ್ನು ಒಂದು ಲೋಟ ಬಸಿದುಕೊಂಡೆ. ಒಂದು ಗುಟುಕಿಗೇ ಕಿವಿಯ ಬುಡದವರೆಗೆ ಕಹಿ ಏರಿತು. ಉಳಿದದ್ದನ್ನು ದಾಸವಾಳದ ಬುಡಕ್ಕೆ ಸುರಿದು, ಅವಳು ಬಂದಾಗ ಮೀಸೆ ಒರೆಸಿಕೊಳ್ಳುತ್ತ, "ಪೂರ್ತಿ ಲೋಟ ಕುಡಿದೆ. ಮೈಯೆಲ್ಲ ಹಗುರಾಗಿದೆ," ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಆ ನೀರನ್ನ ನಾವು ಹಂದಿಗೂ ಕೊಡಲ್ಲ ಮಾರಾಯ್ರೆ. ಅದ್ರಲ್ಲಿ ವಿಷ ಉಂಟು."

ನಂಬದೆ ಮೊಬೈಲು ತೆಗೆದೆ. ಹಸಿ ಕಣಿಲೆಯಲ್ಲಿರುವ ಒಂದು ಅಂಶ ಹೊಟ್ಟೆಯಲ್ಲಿ ಸೈನೈಡ್ ಆಗುತ್ತದಂತೆ. ನೆನೆಸಿ, ಬೇಯಿಸಿ, ನೀರು ಚೆಲ್ಲಿದರೆ ಹೋಗುತ್ತದಂತೆ. ಸೈನೈಡ್ ಪತ್ತೇದಾರಿ ಕಾದಂಬರಿಗಳಲ್ಲಿ ಮಾತ್ರ ಇರುತ್ತದೆಂದು ತಿಳಿದಿದ್ದ ನಾನು ಓಡಿಹೋಗಿ ಬಾಯಿ ಮುಕ್ಕಳಿಸಿದೆ. ಲೋಟವಲ್ಲ, ಗುಟುಕು ಎಂದು ಆಗಲೇ ಹೇಳಬೇಕಿತ್ತು. ಆದರೆ ದೇವಕಿ ಅಳುತ್ತಾ ಆಟೋದವನಿಗೆ ಫೋನು ಮಾಡುತ್ತಿದ್ದಳು. ನನಗಾಗಿ ಅವಳು ಅತ್ತದ್ದನ್ನು ನೋಡಿ ಬಹಳ ವರ್ಷವಾಗಿತ್ತು. ಆ ಭಯದಲ್ಲೂ ಒಂದಿಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ನರ್ಸು ಮಾರುದ್ದದ ರಬ್ಬರ್ ಟ್ಯೂಬು ತಂದರು. ಅದು ಮೂಗಿನಿಂದ ಹೊಟ್ಟೆಯವರೆಗೆ ಹೋಗುವುದೆಂದು ತಿಳಿದದ್ದೇ ನನ್ನ ಬಾಯಿಂದ ಸತ್ಯ ಹೊರಬಿತ್ತು. "ಡಾಕ್ಟ್ರೇ, ಕುಡಿದದ್ದು ಒಂದೇ ಗುಟುಕು. ಉಳಿದದ್ದು ಚೆಲ್ಲಿದೆ. ಕಹಿ ನನಗೆ ಆಗೋದೇ ಇಲ್ಲ."

ಡಾಕ್ಟರು ನಾಡಿ, ಕಣ್ಣು, ಉಸಿರು ಎಲ್ಲ ನೋಡಿದರು. "ಹಾಗಾದ್ರೆ ಟ್ಯೂಬು ಬೇಡ. ಸಂಜೆವರೆಗೆ ಇಲ್ಲೇ ಮಲಗಿರಿ, ನೋಡೋಣ."

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ದೇವಕಿಯ ಕೈ ಅಲ್ಲೇ ನಿಂತಿತು.

"ಮತ್ತೆ, ನಿಮ್ಮ ಶುಗರ್‌ಗೆ ಅಂತ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ನಾನು ಕಾಯಿಸಿ ಕೊಡೋ ಅಮೃತಬಳ್ಳಿ ಕಷಾಯ?" ಎಂದು ನಿಧಾನವಾಗಿ ಕೇಳಿದಳು.

ನರ್ಸು ಆಗಲೇ ಬಾಗಿಲು ದಾಟುತ್ತಿದ್ದರು.

"ಸಿಸ್ಟರ್," ಎಂದು ಕರೆದೆ, "ಆ ಟ್ಯೂಬು ಹಾಕಿಯೇಬಿಡಿ."