ಪಕೀರಪ್ಪನ ತಾಳೆ ಸಾಲು

ಮೂವತ್ತು ವರ್ಷದ ಸಂಸಾರದಲ್ಲಿ ತುರ್ವಿಹಾಳದ ಪಕೀರಪ್ಪ ಹೆಂಡತಿ ಆದಮ್ಮನ ಅಡಿಗೆಯನ್ನು ಹೊಗಳಿದ್ದು ಒಂದೇ ಒಂದು ಸಲ. ಅದೂ ಹೊಗಳಬಾರದ ದಿನವೇ ಹೊಗಳಿಬಿಟ್ಟ.

ತೊಂಬತ್ತೊಂದನೇ ಇಸವಿಯ ಮಾತು. ಅವರಿಗೆ ಮಕ್ಕಳಿರಲಿಲ್ಲ. ಕಾಲುವೆ ಪಕ್ಕದ ತನ್ನ ಗದ್ದೆಯ ಬದುವಿನ ಮೇಲೆ ಸಾಲಾಗಿ ತಾಳೆ ಮರ ನಿಂತರೆ, ಮಣ್ಣು ಕುಸಿಯುವುದಿಲ್ಲ, ಅದರ ತೆಳು ನೆರಳಿಗೆ ಭತ್ತ ಕೆಡುವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಸತ್ತ ಮೇಲೂ ಸಿಂಧನೂರು ಬಸ್ಸಿನಲ್ಲಿ ಹೋಗುವವರು ‘ಅವು ಪಕೀರಪ್ಪನ ಗಿಡ’ ಎಂದು ಕೈ ತೋರಿಸಬೇಕೆಂಬುದು ಅವನ ಆಸೆ. ಇದನ್ನು ಹೆಂಡತಿಗೆ ಹೇಳಲು ಅಂಜಿಕೆ. ಮಕ್ಕಳ ಮಾತು ಬಂದರೆ ಅವಳು ಎರಡು ದಿನ ಊಟ ಬಿಡುತ್ತಿದ್ದಳು. (ಅವನಿಗೂ ಹಾಕುತ್ತಿರಲಿಲ್ಲ.)

ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ತಾಳೆ ಬೀಜಗಳನ್ನು ಮಣ್ಣಿನ ಗುಡ್ಡೆಯೊಳಗೆ ಒತ್ತೊತ್ತಾಗಿ ಹೂಳುವುದನ್ನು ಅವನು ಕಂಡಿದ್ದ. ಸಸಿ ಎಬ್ಬಿಸುವ ಮಹಾಶಾಸ್ತ್ರ ಇದೇ ಎಂದು ತಿಳಿದು, ಹಿತ್ತಲಲ್ಲಿ ಆದಮ್ಮನ ಬದನೆ ಗಿಡ ಕಿತ್ತು, ಗುಡ್ಡೆ ಮಾಡಿ, ಅರವತ್ತು ಬೀಜ ಹೂತ.

“ನನ್ನ ಬದನಿ ಕಿತ್ತು ಏನ್ ಹಾಕೀರಿ ಅದ್ರಾಗ?”

“ತಾಳೆ ಬೀಜ.”

“ಯಾಕ?”

“ಸುಮ್ಕಿರು. ಮುಂದ ತಿಳೀತೈತಿ.”

ನಾಲ್ಕು ತಿಂಗಳು ನೀರು ಹಾಕಿದ. ಒಂದು ಎಲೆಯೂ ಕಾಣಲಿಲ್ಲ. ದಿನಾ ಮುಂಜಾನೆ ಗುಡ್ಡೆಯ ಮುಂದೆ ಕೈಕಟ್ಟಿ ನಿಲ್ಲುವುದೇ ಪೂಜೆಯಾಯಿತು. ಸಂಕ್ರಾಂತಿ ಕಳೆದ ಮೇಲೆ ತಡೆಯಲಾರದೆ, ಲಿಂಗಸುಗೂರಿನಲ್ಲಿ ಸಸಿ ಮಾರುವ ಶಾಮೀದಸಾಬನನ್ನು ಕೇಳಲು ಹೋದ. “ಮೊದಲ ಬೇರು ಕೆಳಗ ಇಳೀತೈತಿ, ಎಲಿ ಆಮ್ಯಾಲ. ಕೈ ಹಚ್ಚಬ್ಯಾಡ್ರಿ” ಎಂದ ಆತ. ಪಕೀರಪ್ಪನಿಗೆ ಜೀವ ಬಂತು. ಸಂಜೆ ಹಸಿದು ಮನೆ ಸೇರಿದ.

ಆದಮ್ಮ ತಾಟು ಇಟ್ಟಳು. ಗೆಣಸಿನಂಥದೇನೋ, ಉದ್ದಕ್ಕೆ, ಕುದಿಸಿ ಉಪ್ಪು ಖಾರ ಹಚ್ಚಿದ್ದು. ಒಂದು ತಿಂದ. ಆಮೇಲೆ ಲೆಕ್ಕ ತಪ್ಪಿತು.

“ಏನ್ ಬೇ ಇದು? ಇಷ್ಟು ರುಚಿ ಅಡಿಗಿ ನೀ ಎಂದೂ ಮಾಡಿಲ್ಲ!”

ಆದಮ್ಮನ ಮುಖ ಅರಳಿತು. “ನಿಮ್ಮ ತಾಳೆ ಬೀಜದ ಮೊಳಕಿ ರೀ! ಬಾಜೂ ಮನಿ ರಹೀಮಾಬೀ ಕ್ಯಾಂಪಿಗೆ ಕಳೇ ತೆಗ್ಯಾಕ ಹೋಗ್ತಾಳಲ್ಲ, ಆಕಿ ಹೇಳಿದ್ಲು. ಹಿಂಗ ಗುಡ್ಡಿ ಮಾಡಿ ಹೂಳೋದು ತಿನ್ನಾಕಂತ. ಮರ ಬೇಕಂದ್ರ ಸೀದಾ ಬದುವಿನಾಗ ಹೂಳ್ತಾರಂತ. ಇನ್ನ ಬಿಟ್ರ ನಾರಾಗ್ತಾವ ಅಂದ್ಲು, ಅರವತ್ತೂ ಕಿತ್ತೀವಿ. ಅರ್ಧ ಆಕಿಗೆ ಕೊಟ್ಟೀನಿ.”

ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ಇಳಿಸಿದ ಮೇಲೆ ಪಕೀರಪ್ಪನಿಗೆ ಅಳು ಬಂತು.

“ಅವು ಬದುವಿನ ಮ್ಯಾಲ ನಿಲ್ಲಬೇಕಾಗಿತ್ತು. ನಮ್ಮ ಹಿಂದ ನಮ್ಮ ಹೆಸರು ಹೇಳಾಕ ಯಾರೂ ಇಲ್ಲಲ್ಲ ಅಂತ...”

ಆದಮ್ಮ ಈ ಸಲ ತಾಟು ಕಸಿಯಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಸಂಕಟವೂ ಅದೇ, ಅವಳೂ ಮೂವತ್ತು ವರ್ಷ ನುಂಗಿಕೊಂಡೇ ಬಂದಿದ್ದಳು.

“ಬರೋ ವರ್ಷ ಇಬ್ರೂ ಕೂಡಿ ಬದುವಿಗೇ ಹಾಕೂಣು. ಆದ್ರ ಇನ್ಮ್ಯಾಲ ಮನಸ್ಸಿನ್ಯಾಗ ಇದ್ದದ್ದು ನನ್ನ ಮುಂದ ಬಾಯಿಬಿಟ್ಟು ಹೇಳ್ರಿ.”

ಪಕೀರಪ್ಪ ತಲೆ ತಗ್ಗಿಸಿದ. ತಾಟು ಖಾಲಿಯಾಗಿತ್ತು. ಅದಕ್ಕಂಟಿದ ಖಾರವನ್ನು ಬೆರಳಿನಿಂದ ಬಳಿದು ನೆಕ್ಕಿ, ಕೊನೆಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬಿಟ್ಟ.

“ಗಡಿಗ್ಯಾಗ ಇನ್ನ ಎರಡು ಅದಾವೇನು?”