ಅತ್ತೆಯ ಕಣ್ಣಿನ ಪೊರೆ

ಮೇಷ್ಟ್ರ ಕೆಲಸಕ್ಕೆ ಸೇರಿದವರಿಗೆ ಬಾಯಿಗೆ ಸಂಬಂಧಪಟ್ಟ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಗಂಟೆ ಹೊಡೆದರೂ ಅವರ ಪಾಠ ನಿಲ್ಲುವುದಿಲ್ಲ. ಅದರಲ್ಲೂ ನನ್ನಂಥ ವಿಜ್ಞಾನದ ಮೇಷ್ಟ್ರಾದರೆ ಕೇಳುವುದೇ ಬೇಡ. ಹಾಸನದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಬಾಳೆಹಣ್ಣು ಸುಲಿದು ಬಾಯಿಗಿಡುವಷ್ಟರಲ್ಲಿ, ಕಾಯಿಯೊಳಗಿನ ಪಿಷ್ಟ ಹಣ್ಣಿನಲ್ಲಿ ಹೇಗೆ ಸಕ್ಕರೆಯಾಯಿತು ಎಂದು ನಾನು ಶುರುಮಾಡಿರುತ್ತೇನೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಿನ ಬಸ್ಸಿಗೆ ಕಾಯುತ್ತಾರೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ನಾನು ಬರುವುದು ಕಂಡರೆ ಜನ ಫೋನು ಕಿವಿಗೆ ಒತ್ತಿಕೊಳ್ಳುತ್ತಾರೆ. ಆ ಕಡೆ ಯಾರೂ ಮಾತನಾಡುತ್ತಿಲ್ಲ ಎಂದು ನನಗೂ ಗೊತ್ತು. ಯಾರೂ ಕೇಳದ ಪಾಠ ಹೇಳಿಕೊಂಡೇ ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಒಬ್ಬರು ಗಮನವಿಟ್ಟು ಕೇಳಿಬಿಟ್ಟರೆ ಏನು ಅನಾಹುತವಾಗುತ್ತದೆ ಎನ್ನುವುದು ಮಾತ್ರ ಈ ಬೇಸಿಗೆಯವರೆಗೆ ಗೊತ್ತಿರಲಿಲ್ಲ.

ಹಾಗೆ ಕೇಳಿದವಳು ನನ್ನ ಅತ್ತೆ. ಎರಡು ದಾರಿಯಿಂದಲೂ ಅತ್ತೆ: ಅಪ್ಪನ ತಂಗಿ, ಹೆಂಡತಿಯ ತಾಯಿ. ಸೋದರತ್ತೆಯ ಮಗಳನ್ನೇ ಮದುವೆಯಾದ ನಾನು ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ ಸ್ವಲ್ಪ ಅವಸರ ಮಾಡುತ್ತೇನೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಏನಾಗುತ್ತದೆ ಸಾ ಎಂದು ಯಾರಾದರೂ ಎದ್ದು ನಿಂತರೆ, ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎನ್ನುತ್ತೇನೆ. ನನ್ನ ಹೆಂಡತಿ ಜಯ ಚಿಕ್ಕಂದಿನಲ್ಲಿ ನನ್ನನ್ನು ಬಾವ ಎಂದು ಕರೆಯುತ್ತಿದ್ದಳು. ಈಗಲೂ ಏನಾದರೂ ಕೆಲಸವಾಗಬೇಕಿದ್ದರೆ ಬಾವ, ಕೆಲಸ ಕೆಟ್ಟಿದ್ದರೆ ‘ರೀ’. ಅವಳಿಗೆ ಚನ್ನರಾಯಪಟ್ಟಣದ ಅಂಚೆ ಕಚೇರಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಮನೆ ಪೂರ್ತಿ ನನ್ನ ಸುಪರ್ದಿಗೆ ಬರುತ್ತದೆ.

ಅತ್ತೆಯ ಊರು ಅರಕಲಗೂಡಿನ ಹತ್ತಿರ. ಅವರ ಶುಂಠಿ ಹೊಲಕ್ಕೆ ಬಿತ್ತನೆ ಗೆಡ್ಡೆ ಆರಿಸುವುದು ಮೊದಲಿನಿಂದಲೂ ಅವಳದೇ ಹಕ್ಕು. ಆಳುಗಳು ರಾಶಿ ಹಾಕಿದರೆ ಇವಳು ಒಂದೊಂದನ್ನೇ ಬೆಳಕಿಗೆ ಹಿಡಿದು, ಕಣ್ಣು ಮೂಡಿರುವುದು ಈ ಕಡೆ, ಕಪ್ಪು ತಿರುಗಿದ್ದು ಆ ಕಡೆ ಎಂದು ಎಸೆಯುತ್ತಿದ್ದಳು. ಹೋದ ವರ್ಷ ಕೊಳೆತ ಗೆಡ್ಡೆಗಳೂ ಬಿತ್ತನೆಯಲ್ಲಿ ಸೇರಿಹೋಗಿ ಹೊಲದ ಒಂದು ಮೂಲೆಗೆ ಕೊಳೆರೋಗ ಹತ್ತಿತು. ಮಗನಾಗಲಿ ಸೊಸೆಯಾಗಲಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದಳು. ಈ ವರ್ಷ ಮಗ ಮೆಲ್ಲಗೆ, ನೀನು ಸುಮ್ನೆ ನೆಳ್ಳಲ್ಲಿ ಕುಂತಿರವ್ವ, ನಾವು ಆರಿಸ್ಕತ್ತೀವಿ ಎಂದನಂತೆ. ಆ ಮಾತು ಕೇಳಿದ ಮರುದಿನವೇ ಅವಳು ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಹಾಸನದ ಕಣ್ಣಿನ ಡಾಕ್ಟರು ನೋಡಿ, ಎರಡು ಕಣ್ಣಿಗೂ ಪೊರೆ ಬಂದಿದೆ, ಮೊದಲು ಬಲಗಣ್ಣಿನದು ತೆಗೆಯೋಣ, ಮುಂದಿನ ಗುರುವಾರ ಬನ್ನಿ ಎಂದರು. ಬಿತ್ತನೆಗೆ ತಿಂಗಳ ಮೇಲಿತ್ತು. ಗುರುವಾರ ತಪ್ಪಿದರೆ ಈ ವರ್ಷವೂ ನೆರಳಲ್ಲಿ ಕೂರುವುದೇ ಗತಿ ಎಂದು ಅವಳಿಗೂ ಗೊತ್ತಿತ್ತು.

ಆ ಒಂದು ವಾರ ನನ್ನ ಸಂಸಾರದ ಸುವರ್ಣಯುಗ. ನಾನು ಕಸ ಗುಡಿಸುತ್ತಿದ್ದೆ, ಆದರೆ ಮೂಲೆಗಳನ್ನು ಅವುಗಳ ಪಾಡಿಗೆ ಬಿಟ್ಟು. ಪಾತ್ರೆ ತೊಳೆಯುತ್ತಿದ್ದೆ, ಆದರೆ ಒಳಗೆ ಮಾತ್ರ. ತಳದಲ್ಲಿ ಯಾರೂ ಊಟ ಮಾಡುವುದಿಲ್ಲವಲ್ಲ. ಉಳಿದ ಹೊತ್ತೆಲ್ಲ ಕುರ್ಚಿಯ ಮೇಲೆ. ಅತ್ತೆಯ ಕಿವಿಗೆ ಪೊರಕೆಯ ಸದ್ದೂ ನಲ್ಲಿಯ ಸದ್ದೂ ಬೀಳುತ್ತಿದ್ದವು, ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಸಂಜೆ ಮಗಳು ಬಂದ ತಕ್ಷಣ, ಪುಣ್ಯ ಮಾಡಿದ್ದೆ ಕಣವ್ವ, ಮನೆ ಎಷ್ಟು ಒಪ್ಪವಾಗಿ ಮಡಗವ್ನೆ ನೋಡು ಎನ್ನುತ್ತಿದ್ದಳು. ಜಯ ಒಮ್ಮೆ ಮೂಲೆಯನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಅವ್ವನ ಸಂತೋಷ ಯಾಕೆ ಕೆಡಿಸಬೇಕೆಂದು ಸುಮ್ಮನಾಗುತ್ತಿದ್ದಳು. ಕೈಕಾಲು ತೊಳೆದುಕೊಂಡು ತಾನೇ ಇನ್ನೊಂದು ಸಲ ಗುಡಿಸುತ್ತಿದ್ದಳು.

ಅಷ್ಟರಲ್ಲಿ ನಮ್ಮ ಮುಖ್ಯೋಪಾಧ್ಯಾಯರು, ರಜೆಯಲ್ಲಿ ಮಕ್ಕಳು ಎಲ್ಲ ಮರೆತುಬಿಡುತ್ತಾರೆ, ಆಯಾ ಮೇಷ್ಟ್ರು ಒಂದೊಂದು ಪಾಠದ ವಿಡಿಯೋ ಮಾಡಿ ಗ್ರೂಪಿಗೆ ಹಾಕಿ ಎಂದರು. ನನ್ನ ಪಾಲಿಗೆ ಬಂದದ್ದು ಜೀವಕೋಶದ ರಚನೆ ಮತ್ತು ಕಾರ್ಯ. ಬುಧವಾರ ಬೆಳಿಗ್ಗೆ ಹೊಸ ಅಂಗಿ ತೊಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಶುರುಮಾಡಿದೆ. ಮಕ್ಕಳೇ, ಜೀವಕೋಶವೆಂದರೆ ಒಂದು ಮನೆ ಇದ್ದ ಹಾಗೆ. ಕೋಶಕೇಂದ್ರ ಮನೆಯ ಯಜಮಾನ, ಎಲ್ಲ ಅವನ ಅಪ್ಪಣೆಯಂತೆ ನಡೆಯಬೇಕು. ಮೈಟೋಕಾಂಡ್ರಿಯ ಅಡುಗೆಮನೆ, ಶಕ್ತಿ ತಯಾರಾಗುವುದು ಅಲ್ಲಿ. ರಸದಾನಿ ಸಾಮಾನು ತುಂಬುವ ಅಟ್ಟ. ಲೈಸೋಸೋಮು ಕಸ ವಿಲೇವಾರಿ ಮಾಡುವವನು. ಇವೆಲ್ಲಕ್ಕಿಂತ ಮುಖ್ಯ ಹೊರಗಿನ ಪೊರೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ಅದೇ. ಪೊರೆ ಹರಿದರೆ ಒಳಗಿನದೆಲ್ಲ ಸೋರಿಹೋಗುತ್ತದೆ, ಜೀವ ನಿಲ್ಲುವುದಿಲ್ಲ! ಇಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಮತ್ತೆ ಮೊದಲಿನಿಂದ. ಈ ಸಲ ಪೊರೆಯ ಹತ್ತಿರ ಬಂದಾಗ ಸೊಪ್ಪಿನವಳು ಕೂಗಿದಳು. ಇನ್ನೊಂದು ಸಲ ಫೋನೇ ಜಾರಿ ಸಕ್ಕರೆಯೊಳಗೆ ಬಿತ್ತು. ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಪೊರೆ ಹರಿಯುತ್ತಲೇ ಇತ್ತು.

ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಡುವೆ ನಾನು, ಇಂಗ್ಲಿಷ್ ಮೀಡಿಯಮ್ ಮಕ್ಕಳಿಗೂ ತಿಳಿಯಲೆಂದು, ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಸೆಲ್ಲುಗಳಿವೆ ಎಂದಾಗ ಅಲ್ಲಿಂದಲೇ, ದಪ್ಪ ಸೆಲ್ಲೋ ಸಣ್ಣ ಸೆಲ್ಲೋ ಎಂದು ಕೇಳಿದಳು. ಅವಳ ಮಟ್ಟಿಗೆ ಸೆಲ್ಲು ಎಂದರೆ ಬ್ಯಾಟರಿಗೆ ಹಾಕುವುದು. ಅದೂ ವಿಡಿಯೋದಲ್ಲಿ ಸೇರಿಕೊಂಡಿತು.

ಸಂಜೆ ಜಯ ಬಂದು, ನಾಳೆ ಆಸ್ಪತ್ರೆಗೆ ಬಟ್ಟೆ ಜೋಡಿಸಿಕೊಳ್ಳವ್ವ ಎಂದಳು. ಅತ್ತೆ ಅಲುಗಾಡಲಿಲ್ಲ.

“ನಾ ಬರಾಕಿಲ್ಲ. ಪೊರೆ ಅರುದ್ರೆ ಜೀವ ನಿಲ್ಲಾಕಿಲ್ಲ ಅಂತ ನಿನ್ ಗಂಡನೇ ಬೆಳಗಿಂದ ಬಡ್ಕತ್ತಾವ್ನೆ. ದ್ಯಾವ್ರ ಮುಂದೆ ನಿಂತು ಪೊರೆಯಪ್ಪಾ ಅಂತ ಕೈ ಮುಗೀತೀವಿ, ಅಂತಾದ್ನ ಕುಯ್ಸ್ಕ ಅಂತೀರಲ್ಲ.”

ಜಯ ನನ್ನ ಕಡೆ ತಿರುಗಿ, ರೀ, ಇದನ್ನು ನೀವೇ ಬಗೆಹರಿಸಿ ಎಂದು ಒಳಗೆ ಹೋದಳು.

ತಪ್ಪು ನನ್ನದಲ್ಲ, ಕನ್ನಡದ್ದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹಾವು ಬಿಡುವುದೂ ಪೊರೆ, ಜೀವಕೋಶ ಹೊದೆಯುವುದೂ ಪೊರೆ, ಕಣ್ಣು ಮುಚ್ಚುವುದೂ ಪೊರೆ, ಭಕ್ತರು ಬೇಡುವುದೂ ಪೊರೆ. ಇಷ್ಟು ಸಂಪತ್ತಿರುವ ಭಾಷೆ ಇನ್ನೊಂದು ಪದಕ್ಕೆ ಜಿಪುಣತನ ಮಾಡಬಾರದಿತ್ತು. ಅತ್ತೆಯ ಎದುರು ಕೂತು, ಕಣ್ಣಿನದು ನಿಜವಾದ ಪೊರೆಯಲ್ಲ, ಒಳಗಿನ ಮಸೂರ ಬೆಳ್ಳಗಾಗಿದೆ, ಅದನ್ನು ತೆಗೆದು ಹೊಸದು ಕೂರಿಸುತ್ತಾರೆ, ಜೀವಕೋಶದ ಪೊರೆ ಬೇರೆ, ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ ಎಂದು ವಿವರಿಸಿದೆ. ಕಾಣದೇ ಇರುವುದು ಇದೆ ಎಂದು ನೀನು ಹೇಗೆ ಹೇಳುತ್ತೀಯ ಎಂದಳು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಅವಳಿಗೆ ಭಯವಾಗಿದೆ, ಆ ಭಯಕ್ಕೆ ನನ್ನ ಪಾಠ ಒಂದು ಊರುಗೋಲು ಕೊಟ್ಟಿದೆ ಎಂದು ಆಗ ಹೊಳೆಯಿತು. ಪ್ರಯೋಗಾಲಯದ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಹೆಡ್ಮಾಸ್ಟರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಸ್ಕೂಟರಿನಲ್ಲಿ ಹೋಗಿ ಸೂಕ್ಷ್ಮದರ್ಶಕವನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

ಈರುಳ್ಳಿಯ ಎಸಳಿನ ಒಳಮೈಯಿಂದ ತೆಳ್ಳನೆಯ ಸಿಪ್ಪೆ ಬಿಡಿಸಿ, ಗಾಜಿನ ಮೇಲೆ ಹರಡಿ, ಒಂದು ಹನಿ ಕೆಂಪು ಬಣ್ಣ ಹಾಕಿ ಇಟ್ಟೆ. ಅತ್ತೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಏನೂ ಕಾಣುತ್ತಿಲ್ಲ, ಮಂಜು ಬಿದ್ದ ಹಾಗಿದೆ ಎಂದಳು. ಜಯ ಬಂದು ನೋಡಿದಳು. ಮದುವೆಯಾದ ಮೇಲೆ ಅವಳು ನನ್ನ ವಿಷಯದ ಕಡೆ ಕಣ್ಣು ಹಾಯಿಸಿದ್ದು ಅದೇ ಮೊದಲು. ಅಯ್ಯೋ ಬಾವ, ಇಟ್ಟಿಗೆ ಜೋಡಿಸಿದ ಹಾಗಿದೆಯಲ್ಲ, ಒಂದೊಂದು ಇಟ್ಟಿಗೆಯಲ್ಲೂ ಒಂದು ಚುಕ್ಕಿ ಎಂದಳು. ಆ ಚುಕ್ಕಿಯೇ ಕೋಶಕೇಂದ್ರ ಎಂದೆ. ಅತ್ತೆ, ಪೊರೆ ಎಲ್ಲಿ ಎಂದಳು. ಅದು ಗೋಡೆಗೆ ಅಂಟಿಕೊಂಡಿರುತ್ತದೆ, ಗಿಡಗಳಿಗೆ ಪೊರೆಯ ಹೊರಗೆ ಗೋಡೆಯೂ ಇದೆ, ನಮಗೆ ಪೊರೆ ಮಾತ್ರ, ಗಿಡ ನಿಂತಲ್ಲೇ ನಿಲ್ಲಬೇಕು, ನಾವು ಓಡಾಡುವವರಲ್ಲವೇ ಎಂದೆ. ಅವಳು ಇನ್ನೊಂದು ಸಲ ಬಗ್ಗಿ ನೋಡಿದಳು. ಮೆಲ್ಲಗೆ ತಲೆ ಎತ್ತಿದಳು.

“ಸುಂಟಿನೂ ಇಂಗೇ ಕಣ್ಲಾ ಕಾಣದು ನಂಗೆ.”

ನಾನು ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸುವುದನ್ನು ಬಿಟ್ಟು, ಪೊರೆ ನೋಡಬೇಕಾದರೆ ಪೊರೆ ತೆಗೆಸಲೇಬೇಕು ಅತ್ತೆ ಎಂದೆ. ಅವಳು ಈರುಳ್ಳಿಯ ಉಳಿದ ಎಸಳನ್ನು ಮೂಸಿ ಕೆಳಗಿಟ್ಟು, ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಆಪರೇಷನ್ನು ಸುಸೂತ್ರವಾಗಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಒಂದು ತಿಂಗಳು ಧೂಳು ಹೊಗೆ ಇಲ್ಲದ ಕಡೆ ಇರಲಿ ಎಂದು ಡಾಕ್ಟರು ಹೇಳಿ ಕಳಿಸಿದರು. ಧೂಳಿಲ್ಲದ ಕಡೆ ಎಂದಾಗ ಅತ್ತೆ ಹೆಮ್ಮೆಯಿಂದ, ನಮ್ಮ ಅಳಿಯನ ಮನೆ ಐತೆ ಎಂದಳು. ನನಗೆ ಆಗಲೇ ಎದೆ ಡವಗುಟ್ಟಬೇಕಿತ್ತು.

ಮನೆಗೆ ಬಂದು ಹೊಸ್ತಿಲ ಒಳಗೆ ನಿಂತು ಕನ್ನಡಕ ತೆಗೆದಳು. ಮೊದಲು ಮಗಳ ಗಲ್ಲ ಹಿಡಿದು ನೋಡಿದಳು. ಏಟೊಂದು ಸೊರಗೋಗಿದ್ದೀಯವ್ವ ಎಂದು ಕಣ್ಣು ತುಂಬಿಕೊಂಡಳು. ಡಾಕ್ಟರು ಅಳಬಾರದೆಂದಿದ್ದಾರೆ ಎಂದು ಜಯ ತಾನೂ ಅಳುತ್ತ ಗದರಿದಳು. ಆಮೇಲೆ ಅತ್ತೆಯ ದೃಷ್ಟಿ ನನ್ನ ಮೇಲೆ ಬಿತ್ತು. ಮುಖದಿಂದ ಹೊರಟು ಹೊಟ್ಟೆಯ ಹತ್ತಿರ ಬಂದು ಅಲ್ಲೇ ತಂಗಿತು. ಅಲ್ಲಿಂದ ಮೂಲೆಯ ಜೇಡರ ಬಲೆಗೆ, ಬಲೆಯಿಂದ ಫ್ಯಾನಿನ ರೆಕ್ಕೆಗೆ, ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ್ದ ಪಾತ್ರೆಗಳ ತಳಕ್ಕೆ ಹೋಯಿತು. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ನಾನು ಅಭ್ಯಾಸಬಲದಿಂದ ಕುರ್ಚಿಯಲ್ಲಿ ಕೂತಾಗಿತ್ತು.

“ಓಡಾಡೋರಿಗೆ ಗ್ವಾಡೆ ಇರಾಕಿಲ್ಲ ಅಂದಿದ್ದಲ್ಲ. ನಿಂಗೆ ಐತೆ ಕಣ್ಲಾ.”

ಆ ತಿಂಗಳು ನಮ್ಮ ಜೀವಕೋಶದ ರಚನೆಯೂ ಕಾರ್ಯವೂ ಪೂರ್ತಿ ಬದಲಾದವು. ಅತ್ತೆ ಕಪ್ಪು ಕನ್ನಡಕ ಹಾಕಿ ನಡುಮನೆಯಲ್ಲಿ ಕೋಶಕೇಂದ್ರವಾಗಿ ಕೂತಳು. ಜಯ ಸಂಜೆ ಬಂದವಳು ಕಾಲು ನೀಡಿ ಕೂತು ಕಾಫಿ ಕುಡಿಯುವಷ್ಟಾದಳು. ನಾನು ಬೆಳಿಗ್ಗೆ ಮೈಟೋಕಾಂಡ್ರಿಯ, ಮಧ್ಯಾಹ್ನದ ಮೇಲೆ ಲೈಸೋಸೋಮು. ಪಾತ್ರೆಗೆ ತಳವೂ ಇರುತ್ತದೆ, ಕೋಣೆಗೆ ನಾಲ್ಕು ಮೂಲೆ ಇರುತ್ತದೆ ಎಂದು ಈ ವಯಸ್ಸಿನಲ್ಲಿ ಕಲಿತೆ. ಸೂಕ್ಷ್ಮದರ್ಶಕ ಹಿಂದಿರುಗಿಸುವ ಮುಂಚೆ ಅತ್ತೆ ಈರುಳ್ಳಿಯ ಸಿಪ್ಪೆಯನ್ನೂ ನೋಡಿದಳು. ಇಟ್ಟಿಗೆ, ಚುಕ್ಕಿ ಎಲ್ಲ ಕಂಡವು. ಚೆನ್ನಾಗವೆ ಎಂದು ಒಪ್ಪಿಕೊಂಡು, ಗಾಜಿನ ಅಂಚಿನಲ್ಲಿ ಅಂಟಿದ್ದ ಕೊಳೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಈಗ ಅವಳು ಊರಿನಲ್ಲಿದ್ದಾಳೆ. ಗೆಡ್ಡೆಯೆಲ್ಲ ಅವಳೇ ಆರಿಸಿದಳಂತೆ, ಮಗನನ್ನು ನೆರಳಲ್ಲಿ ಕೂರಿಸಿ. ನಿನ್ನೆ ಅವಳು ಫೋನು ಮಾಡಿದಾಗ ನಾನು ಜಯ ಬರುವ ಮುಂಚೆ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ತಗುಲಿ ಜೀವಕೋಶಗಳ ಪೊರೆ ಹರಿದಾಗ ಒಳಗೆ ಬೇರೆ ಬೇರೆ ಇದ್ದ ರಸಗಳು ಬೆರೆತು ಘಾಟು ಏಳುತ್ತದೆ, ಅದು ಕಣ್ಣಿಗೆ ಬಡಿದು ನೀರು ಬರುತ್ತದೆ. ಇದನ್ನು ಯಾರಿಗಾದರೂ ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ಬಿತ್ತನೆ ಮುಗೀತು, ಎಡಗಣ್ಣಿಂದೂ ತಗ್ಸ್ಬುಡಾಣ, ಬತ್ತೀನಿ ಎಂದಳು ಅತ್ತೆ. ಒಂದೇ ಕಣ್ಣಿನಲ್ಲಿ ಇಷ್ಟು ಕಂಡವಳಿಗೆ ಎರಡರಲ್ಲಿ ಏನೇನು ಕಾಣಬಹುದೆಂದು ಲೆಕ್ಕ ಹಾಕುತ್ತ ನಾನು ಕಣ್ಣೊರೆಸಿಕೊಂಡೆ. ಅವಸರವೇನಿದೆ ಅತ್ತೆ, ಅದೊಂದು ಇರಲಿ ಬಿಡು, ನೀನೇ ಹೇಳಿದ್ದೆಯಲ್ಲ, ಪೊರೆ ಅಂದರೆ ಕಾಪಾಡುವಂಥದ್ದು ಎಂದೆ.

“ಯಾರ್ನ್ಲಾ ಕಾಪಾಡದು?” ಎಂದಳು ಅತ್ತೆ.